ಹಸಿಗಾರೆಯ ಚಿತ್ರಗಳು

ಮಂಗಳೂರು ನಗರದ ಬಾವುಟಗುಡ್ಡೆಯ ಮೇಲೆ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಲಯವಿದೆ. ಹೊರಗಿನಿಂದ ನೋಡುವವರಿಗೆ ಅದು ಸರಳವಾದ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆಗಳಿಂದ ಒಳಮಾಡಿನವರೆಗೆ ಎತ್ತ ನೋಡಿದರೂ ಚಿತ್ರಗಳೇ. ಇವೆಲ್ಲವೂ ಒಬ್ಬನೇ ಕಲಾವಿದನ ಪರಿಶ್ರಮದ ಫಲ.

ಆ ಕಲಾವಿದನ ಹೆಸರು ಆಂಟೋನಿಯೊ ಮೊಸ್ಕೆನಿ. ಆತ ಹುಟ್ಟಿದ್ದು ೧೮೫೪ರಲ್ಲಿ, ಇಟಲಿಯ ಆಲ್ಪ್ಸ್ ಪರ್ವತಗಳ ತಪ್ಪಲಿನ ಬೆರ್ಗಾಮೊ ನಗರದ ಸಮೀಪದಲ್ಲಿ. ಚಿತ್ರಕಲೆಯನ್ನು ಅಭ್ಯಾಸ ಮಾಡಿ, ಅನಂತರ ಯೇಸುಸಭೆಯನ್ನು ಸೇರಿ, ಮಂಗಳೂರಿಗೆ ಬಂದನು. ೧೮೯೯ರಿಂದ ೧೯೦೧ರವರೆಗೆ ಈ ಚಿತ್ರಗಳನ್ನು ರಚಿಸಿದನು. ಒಳಮಾಡಿನ ನಡುಭಾಗದಲ್ಲಿ ಸಂತ ಅಲೋಶಿಯಸನ ಜೀವನದ ಘಟನೆಗಳಿವೆ. ರೋಮ್ ನಗರದಲ್ಲಿ ಪ್ಲೇಗ್ ಹಬ್ಬಿದಾಗ ರೋಗಿಗಳ ಸೇವೆಗೆ ನಿಂತು, ಅದೇ ರೋಗಕ್ಕೆ ತುತ್ತಾಗಿ, ೧೫೯೧ರಲ್ಲಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ ತರುಣ ಆತ. ಹಿಂಬದಿಯ ಗೋಡೆಯ ಮೇಲೆ ಮಕ್ಕಳ ನಡುವೆ ಇರುವ ಯೇಸುವಿನ ದೊಡ್ಡ ಚಿತ್ರವಿದೆ.

ಒಳಮಾಡಿನ ಚಿತ್ರಗಳನ್ನು ಬಟ್ಟೆಯ ಮೇಲೆ ತೈಲವರ್ಣದಿಂದ ಬರೆಯಲಾಗಿದೆ. ಗೋಡೆಯ ಚಿತ್ರಗಳ ರೀತಿಯೇ ಬೇರೆ. ಸುಣ್ಣ ಮತ್ತು ಮರಳಿನ ಗಾರೆ ಹಸಿಯಾಗಿರುವಾಗಲೇ, ನೀರಿನಲ್ಲಿ ಅರೆದ ಬಣ್ಣವನ್ನು ಅದರ ಮೇಲೆ ಹಚ್ಚಬೇಕು. ಗಾರೆಯ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಬಂಧಿಸುತ್ತದೆ. ಆಗ ಚಿತ್ರವು ಗೋಡೆಯ ಮೇಲಿನ ಲೇಪವಾಗಿ ಉಳಿಯದೆ ಗೋಡೆಯ ಅಂಗವೇ ಆಗುತ್ತದೆ. ಆದುದರಿಂದ ಒಂದು ದಿನದಲ್ಲಿ ಬರೆದು ಮುಗಿಸುವಷ್ಟು ಭಾಗಕ್ಕೆ ಮಾತ್ರ ಗಾರೆ ಬಳಿಯುತ್ತಾರೆ. ತಪ್ಪಾದರೆ ಆ ಭಾಗವನ್ನು ಕೆತ್ತಿ ತೆಗೆದು, ಹೊಸ ಗಾರೆ ಬಳಿದು, ಮೊದಲಿನಿಂದ ಬರೆಯಬೇಕು. ಇಂಥ ಕೆಲಸಕ್ಕೆ ಕೈಯ ಕುಶಲತೆಯಷ್ಟೇ ಮನಸ್ಸಿನ ನಿಶ್ಚಯವೂ ಬೇಕು.

ಗೋಡೆಯೊಡನೆ ಒಂದಾದ ಚಿತ್ರವು ಗೋಡೆಯ ಸುಖದುಃಖಗಳಲ್ಲಿಯೂ ಪಾಲುಗೊಳ್ಳುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಾಡಿನಿಂದ ನೀರು ಜಿನುಗಿದರೆ ಗೋಡೆ ತೇವವಾಗುತ್ತದೆ. ಅದು ಆರುವಾಗ ಒಳಗಿನ ಲವಣಗಳು ಹೊರಬಂದು ಬಣ್ಣವನ್ನು ಹೊಪ್ಪಳಿಕೆಯಂತೆ ಎಬ್ಬಿಸುತ್ತವೆ. ಬೂಷ್ಟು ಬೆಳೆಯುತ್ತದೆ. ಮೊಸ್ಕೆನಿ ೧೯೦೫ರಲ್ಲಿ ಕೊಚ್ಚಿಯಲ್ಲಿ ನಿಧನನಾದನು. ಹಾಳಾದುದನ್ನು ಮತ್ತೆ ಬರೆಯಲು ಅವನು ಬರಲಾರನು. ೧೯೯೦ರ ದಶಕದಲ್ಲಿ ತಜ್ಞರು ಈ ಚಿತ್ರಗಳ ಸಂರಕ್ಷಣೆಯ ಕಾರ್ಯವನ್ನು ಕೈಗೊಂಡರು. ಸಂರಕ್ಷಕನು ಹೊಸ ಚಿತ್ರವನ್ನು ಬರೆಯುವವನಲ್ಲ. ಮೊದಲು ನೀರಿನ ದಾರಿಯನ್ನು ತಡೆದು, ಸಡಿಲವಾದುದನ್ನು ನಿಲ್ಲಿಸಿ, ಮೂಲ ಕಲಾವಿದನ ಕೈಬರಹ ಕಾಣುವಂತೆ ಮಾಡುವುದೇ ಅವನ ಧರ್ಮ.

ಚಿತ್ರವನ್ನು ರಚಿಸಿದವನು ಒಬ್ಬ; ಅದನ್ನು ಉಳಿಸಬೇಕಾದವರು ತಲೆಮಾರುಗಳ ಜನ. ನಮ್ಮ ಗುಡಿ, ಬಸದಿ, ಮಸೀದಿ, ಇಗರ್ಜಿಗಳ ಗೋಡೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಮೊಳೆಯಿಂದ ಹೆಸರು ಕೆತ್ತುವ ಕೈಗೆ ಒಂದು ಕ್ಷಣ ಸಾಕು. ಕೆಟ್ಟುದನ್ನು ಸರಿಪಡಿಸಲು ವರ್ಷಗಳು ಬೇಕು. ಕೆಲವನ್ನು ಸರಿಪಡಿಸಲು ಸಾಧ್ಯವೇ ಆಗದು.