ಉಜ್ಜುಗೊರಡಿಗೆ ಹೊಸ ಅಲಗು ಕೊಳ್ಳುವ ಮೊದಲು

ನಮ್ಮದು ಮಳೆ ನಂಬಿದ ಬೇಸಾಯ. ಕುಂಟೆ, ಮೇಳಿ, ಗುದ್ದಲಿ ಕಾವು ಎಲ್ಲಾ ಮನೇಲೇ ಮಾಡಿಕೊಳ್ತೀನಿ. ಉಜ್ಜುಗೊರಡಿನ ಅಲಗು ಸವೆದಾಗ ಸಂತೆಯಿಂದ ಹೊಳೆಯುವ ಅಗ್ಗದ್ದೊಂದು ತಂದೆ. ಕರಿಜಾಲಿ ದಿಂಡಿಗೆ ಹಿಡಿದೆ. ನಾಲ್ಕು ಎಳೆತಕ್ಕೆ ಬಾಯಿ ಮಡಚಿತು. ಕುಂಟೆ ಸಿದ್ಧವಾಗೋದ್ರೊಳಗೆ ಹೊಲದ ಹದ ಆರಿತ್ತು.

ಆಮೇಲೆ ಕಲಿತದ್ದು ಇಷ್ಟು:

1. ಹಳೆ ಅಲಗು, ಗೊರಡು ಎರಡನ್ನೂ ಒಯ್ಯಿರಿ. ಅಗಲ ಹೊಂದಬೇಕು. ದಪ್ಪ ಅಲಗು ಅದುರುವುದು ಕಡಿಮೆ. ಆದರೆ ಅದು ಗೊರಡಿನ ಸಂದಿನಲ್ಲಿ ಇಳಿಯಬೇಕು, ಹೆರೆದ ಸುರುಳಿ ಹೊರಬರಲು ಜಾಗವೂ ಉಳಿಯಬೇಕು.

2. ಅಂಗಡಿಯವರನ್ನು ಕೇಳಿ, ಬಾಯಿಯ ಮೂಲೆಗೆ ಅರ ಹಾಕಿ ನೋಡಿ. ಅರ ಜಾರಿದರೆ ಹದ ಕೊಟ್ಟ ಉಕ್ಕು. ಸಲೀಸಾಗಿ ಕಚ್ಚಿದರೆ ಬಿಟ್ಟುಬಿಡಿ.

3. ಅಲಗಿನ ಚಪ್ಪಟೆ ಬದಿಗೆ ಉಕ್ಕಿನ ಸ್ಕೇಲು ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಅಲಗು ಡೊಂಕು.

4. ಸಾಣೆ ಮಿಷನ್ನಿಗೆ ಹಿಡಿಯುವಾಗ ಆಗಾಗ ನೀರಿಗೆ ಅದ್ದಿ. ಬಾಯಿ ನೀಲಿಗಟ್ಟಿತೋ, ಹದ ಹೋಯ್ತು. ಇಳಿಜಾರು 25 ಡಿಗ್ರಿ ಇರಲಿ; ಜಾಲಿಯಂಥ ಗಟ್ಟಿ ಮರಕ್ಕೆ ತುದಿಯನ್ನು ಕಲ್ಲಿನ ಮೇಲೆ 30ಕ್ಕೆ ಮಸೆಯಿರಿ.

ಎರಡನೇ ಅಲಗಿಗೆ ದುಪ್ಪಟ್ಟು ಕೊಟ್ಟೆ. ಅದೇ ಜಾಲಿ ದಿಂಡು ಹೆರೆದು ಮುಗಿಸಿದೆ, ಬಾಯಿ ಹಾಗೇ ಇದೆ.