ಗುರುತಿಲ್ಲದವರ ಮುಂದೆ ಮಾತ್ರ ಬಾಯಿ ಬರುತ್ತದೆ

ಪ್ರಶ್ನೆ: ನನಗೆ 23 ವರ್ಷ. ಹತ್ತನೇ ತರಗತಿವರೆಗೆ ಊರಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದ್ದು. ಬಿ.ಕಾಂ ಮುಗಿಸಿ ಈಗ ಬೆಂಗಳೂರಿನ ಪಿ.ಜಿ.ಯಲ್ಲಿದ್ದು ಕೆಲಸ ಹುಡುಕುತ್ತಿದ್ದೇನೆ. ಇಂಟರ್‌ವ್ಯೂಗೆ ಹೋದರೆ ಇಂಗ್ಲಿಷ್ ಗಂಟಲಲ್ಲೇ ನಿಂತುಬಿಡುತ್ತದೆ. ರೂಮ್‌ಮೇಟ್ ಹೇಳಿದಳೆಂದು ಅಪರಿಚಿತರ ಜೊತೆ ವಿಡಿಯೊ ಚಾಟ್ ಮಾಡುವ ಸೈಟಿಗೆ ಹೋಗತೊಡಗಿದೆ. ಮಾತು ನಿಜಕ್ಕೂ ಸುಧಾರಿಸಿದೆ. ಆದರೆ ಮೊನ್ನೆ ರಾತ್ರಿ ಸ್ಕ್ರೀನ್ ಮೇಲೆ ಬಂದವನು ಹಲೋ ಕೂಡ ಅನ್ನದೆ ಬಟ್ಟೆ ಬಿಚ್ಚಿ ನಿಂತಿದ್ದ. ಸ್ಕಿಪ್ ಒತ್ತಲೂ ಕೈ ಬರಲಿಲ್ಲ. ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಅದಕ್ಕೂ ಮೊದಲು ಪರಿಚಯವಾದ ಇನ್ನೊಬ್ಬರು ತುಂಬಾ ಸಭ್ಯರು, ನಗದೆ ನನ್ನ ಇಂಗ್ಲಿಷ್ ತಿದ್ದುತ್ತಿದ್ದರು. ನಂಬರ್ ಕೇಳಿದಾಗ ಇಲ್ಲವೆನ್ನಲಾಗದೆ ಇನ್‌ಸ್ಟಾಗ್ರಾಮ್ ಐಡಿ ಕೊಟ್ಟೆ. ಈಗ ವಾಟ್ಸ್‌ಆ್ಯಪ್ ವಿಡಿಯೊ ಕಾಲ್‌ಗೆ ಬಾ ಎನ್ನುತ್ತಿದ್ದಾರೆ. ಮನೆಯಲ್ಲಿ ಗೊತ್ತಾದರೆ ಊರಿಗೆ ಕರೆದುಕೊಂಡು ಹೋಗುತ್ತಾರೆ. ನಾನು ಮಾಡಿದ್ದು ತಪ್ಪೇ?
ಹೆಸರು ಬೇಡ, ಬೆಂಗಳೂರು

ಉತ್ತರ: ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದನ್ನು ಓದುವಾಗ ನಿಮ್ಮ ಮನಸ್ಸು ಸ್ವಲ್ಪ ಹಗುರಾಗಿರಬೇಕು.

ಕೈ ಬರಲಿಲ್ಲ ಎಂದು ಬರೆದಿದ್ದೀರಿ. ಆ ಸಾಲಿನಲ್ಲಿ ನೀವು ನಿಮ್ಮನ್ನೇ ಬೈದುಕೊಳ್ಳುತ್ತಿರುವುದು ಕಾಣುತ್ತದೆ. ಎದುರಿಗೆ ಏಕಾಏಕಿ ಅಸಹ್ಯವೋ ಅಪಾಯವೋ ಬಂದು ನಿಂತಾಗ ಎಲ್ಲರೂ ಕೂಗುವುದಿಲ್ಲ, ಓಡುವುದಿಲ್ಲ. ಬಹಳ ಜನರ ಮೈ ಮರಗಟ್ಟುತ್ತದೆ. ಅದು ದೇಹ ತಾನಾಗಿ ಮಾಡುವ ಕೆಲಸ, ನಿಮ್ಮ ಒಪ್ಪಿಗೆ ಕೇಳಿ ಮಾಡುವುದಲ್ಲ. ನೋಡಿದ್ದಕ್ಕೆ ನೀವು ನಾಚಬೇಕಿಲ್ಲ. ಬಯಸದ ಹೆಣ್ಣಿನ ಮುಂದೆ ಹಾಗೆ ನಿಲ್ಲುವುದು ಕಾನೂನಿನ ಕಣ್ಣಿನಲ್ಲೂ ನಿಂತವನದೇ ತಪ್ಪು.

ಇನ್ನು ಇಂಗ್ಲಿಷಿನ ವಿಷಯ. ನಿಮ್ಮ ಹಾಗೆ ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಹುಡುಗ ಹುಡುಗಿಯರು ಇದೇ ಕಾರಣಕ್ಕೆ ಈ ಸೈಟುಗಳ ಬಾಗಿಲು ತಟ್ಟುತ್ತಾರೆ. ಹೊರಗಿನವರು ಅದನ್ನು ಚಪಲ ಎಂದುಕೊಳ್ಳುತ್ತಾರೆ, ನಿಮಗೆ ಬೇಕಾದದ್ದು ತಪ್ಪು ಮಾಡಿದರೂ ಯಾರೂ ನಗದ ಒಂದು ಜಾಗ. ಕಾಲೇಜಿನಲ್ಲಿ, ಪಿ.ಜಿ.ಯ ಊಟದ ಮೇಜಿನಲ್ಲಿ, ಕೆಲವೊಮ್ಮೆ ಇಂಟರ್‌ವ್ಯೂ ಕೋಣೆಯಲ್ಲೂ ಅದು ಸಿಕ್ಕಿಲ್ಲ. ಪರದೆಯ ಆಚೆಗಿದ್ದವನಿಗೆ ನಿಮ್ಮ ಊರು, ಅಂಕ, ಅಪ್ಪನ ಹೆಸರು ಯಾವುದೂ ಗೊತ್ತಿರಲಿಲ್ಲ. ಅದಕ್ಕೇ ನಿಮ್ಮ ನಾಲಿಗೆ ಸಡಿಲವಾಯಿತು. (ಅಂದಹಾಗೆ, ಆಚೆಗಿದ್ದವರಲ್ಲಿ ಅರ್ಧ ಜನ ನಿಮ್ಮಂತೆಯೇ ಇಂಗ್ಲಿಷ್ ಕಲಿಯಲು ಬಂದವರಿದ್ದರೂ ನನಗೆ ಆಶ್ಚರ್ಯವಿಲ್ಲ.)

ಇದನ್ನೇ ಇನ್ನೊಂದು ದಿಕ್ಕಿನಿಂದ ನೋಡೋಣ. ನಿಮಗೆ ಆದ ಲಾಭವೆಲ್ಲ ಅವರಿಗೆ ನೀವು ಯಾರೆಂದು ಗೊತ್ತಿಲ್ಲದ್ದರಿಂದ ಆದದ್ದು. ನಂಬರ್ ಕೊಟ್ಟ ದಿನ ಆ ಲಾಭ ಮುಗಿಯುತ್ತದೆ, ಅಪಾಯ ಶುರುವಾಗುತ್ತದೆ. ವಾಟ್ಸ್‌ಆ್ಯಪ್‌ಗೆ ಹೋದರೆ ನಿಮ್ಮ ಇಂಗ್ಲಿಷ್ ಇನ್ನಷ್ಟು ಸುಧಾರಿಸುವುದೇನಿಲ್ಲ. ಅವರ ಕೈಗೆ ನಿಮ್ಮ ನಂಬರ್ ಸಿಗುತ್ತದೆ, ಅಷ್ಟೇ.

ಆ ಸಭ್ಯ ಮನುಷ್ಯ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಿಜಕ್ಕೂ ಒಳ್ಳೆಯವರೇ ಇರಬಹುದು. ತಿಳಿಯುವ ದಾರಿ ಒಂದೇ: ಇಲ್ಲ ಎಂದು ನೋಡಿ. ಒಳ್ಳೆಯವರು ‘ಪರವಾಗಿಲ್ಲ’ ಎಂದು ಸುಮ್ಮನಾಗುತ್ತಾರೆ. ‘ನನ್ನ ಮೇಲೆ ನಂಬಿಕೆ ಇಲ್ಲವಾ’ ಎಂದು ಕೊರಗುವವರು, ಮರುದಿನ ಮತ್ತೆ ಕೇಳುವವರು, ಮುನಿಸು ತೋರುವವರು ತಾವೇ ಉತ್ತರ ಕೊಟ್ಟಂತೆ. ನೀವು ಕಲಿಯಬೇಕಾದ ಮೊದಲ ಇಂಗ್ಲಿಷ್ ವಾಕ್ಯ ಇದು: ‘ಐ ಡೋಂಟ್ ಶೇರ್ ಮೈ ನಂಬರ್.’ ಮುಂದೆ ‘ಸಾರಿ’ ಸೇರಿಸಬೇಡಿ. ಕನ್ನಡಿ ಮುಂದೆ ನಿಂತು ಜೋರಾಗಿ ಹೇಳಿ ಅಭ್ಯಾಸ ಮಾಡಿ. ನಮ್ಮ ಹೆಣ್ಣುಮಕ್ಕಳಿಗೆ ಕನ್ನಡದಲ್ಲೂ ಇದು ಸುಲಭದ ವಾಕ್ಯವಲ್ಲ.

ಹೆದರಿಸಲು ಅಲ್ಲ, ಕಣ್ಣು ತೆರೆದಿರಲಿ ಎಂದು, ವಿಡಿಯೊ ಕಾಲ್ ಇಟ್ಟುಕೊಂಡು ಬೆದರಿಸಿ ಹಣ ಕೀಳುವ ಮೋಸ ಹೇಗೆ ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ. ವಿಡಿಯೊದಲ್ಲಿ ಕಾಣುವ ಮುಖ ಎಷ್ಟೋ ಸಲ ಮೊದಲೇ ರೆಕಾರ್ಡ್ ಮಾಡಿ ಓಡಿಸುತ್ತಿರುವ ಮುಖ. ಮಾತು ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ, ಸಲುಗೆ ಬೆಳೆಯುತ್ತದೆ, ಒಂದು ವಿಡಿಯೊ ಕಾಲ್ ಸ್ಕ್ರೀನ್ ರೆಕಾರ್ಡ್ ಆಗುತ್ತದೆ. ಮರುದಿನ ನಿಮ್ಮ ಫ್ರೆಂಡ್ಸ್ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ: ‘ಇವರಿಗೆಲ್ಲ ಕಳಿಸಲಾ?’ ಆಮೇಲೆ ಪೊಲೀಸ್ ಅಧಿಕಾರಿ ಎಂದು ಹೇಳಿಕೊಳ್ಳುವ ಇನ್ನೊಬ್ಬ ಫೋನ್ ಮಾಡುತ್ತಾನೆ. ಹುಡುಗರೇ ಇದರಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ. ಈ ಅಂಕಣ ಓದುತ್ತಿರುವ ಹುಡುಗರೂ ದಯವಿಟ್ಟು ಗಮನಿಸಿ.

ಈ ಸೈಟುಗಳ ಕಥೆಯೂ ಅಷ್ಟೇನೂ ಸಮಾಧಾನದ್ದಲ್ಲ. ಇವುಗಳಲ್ಲಿ ಹೆಸರಾಗಿದ್ದ ಓಮೆಗಲ್ ಅನ್ನು 2009ರಲ್ಲಿ ಅಮೆರಿಕದ 18 ವರ್ಷದ ಹುಡುಗನೊಬ್ಬ ಶುರುಮಾಡಿದ. ಜಗತ್ತಿನಲ್ಲಿ ಯಾರ ಜೊತೆ ಬೇಕಾದರೂ ಮಾತಾಡಬಹುದು ಎಂಬ ಚೆಂದದ ಕನಸು ಅದು. 11 ವರ್ಷದವಳಿದ್ದಾಗ ಆ ಸೈಟು ತನ್ನನ್ನು ಒಬ್ಬ ದುಷ್ಟನ ಜೊತೆ ಜೋಡಿಸಿತೆಂದು ಯುವತಿಯೊಬ್ಬಳು ಹೂಡಿದ ಮೊಕದ್ದಮೆ ರಾಜಿಯಲ್ಲಿ ಮುಗಿದು, 2023ರ ನವೆಂಬರಿನಲ್ಲಿ ಅದು ಮುಚ್ಚಿತು. ಕಟ್ಟಿದವನಿಗೇ ಕಾಯಲಾಗಲಿಲ್ಲ. ಈಗ ಅದರ ಜಾಗಕ್ಕೆ ಅಂಥವೇ ಹಲವು ಬಂದಿವೆ. ‘ನನಗೆ 18 ತುಂಬಿದೆ’ ಎಂಬ ಗುಂಡಿ ಒತ್ತಿದರೆ ಒಳಗೆ ಬಿಡುವ ಸೈಟು ಯಾರ ವಯಸ್ಸನ್ನೂ ಪರೀಕ್ಷಿಸಿದಂತಾಗುವುದಿಲ್ಲ. ಮಕ್ಕಳಿರುವ ಓದುಗರಿಗೆ ನನ್ನ ಮಾತು ಇಷ್ಟೇ: 18ರೊಳಗಿನವರಿಗೆ ಇದು ಬೇಡ.

ನೀವು ವಯಸ್ಕರು, ತೀರ್ಮಾನ ನಿಮ್ಮದು. ನನ್ನನ್ನು ಕೇಳಿದರೆ, ನಿದ್ದೆ ಮರಳುವವರೆಗಾದರೂ ಹೋಗಬೇಡಿ ಎನ್ನುತ್ತೇನೆ. ಆಮೇಲೂ ಹೋಗುವುದಾದರೆ, ಒಮ್ಮೆ ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ನಿಮ್ಮ ಹಿಂದೆ ಏನೇನು ಕಾಣುತ್ತದೆ ನೋಡಿ. ಮೊಳೆಗೆ ನೇತುಹಾಕಿದ ಕಾಲೇಜಿನ ಐಡಿ ಕಾರ್ಡ್, ಕಿಟಕಿಯಾಚೆ ಹೋಟೆಲಿನ ಬೋರ್ಡು, ಮಲಗಿರುವ ರೂಮ್‌ಮೇಟ್. ಅವಳನ್ನು ಕೇಳದೆ ಅವಳು ಆ ಚೌಕದೊಳಗೆ ಬರಬಾರದು. ಖಾಲಿ ಗೋಡೆಗೆ ಬೆನ್ನು ಮಾಡಿ ಕೂತುಕೊಳ್ಳಿ. ಹೆಸರು ಬೇರೆಯದಿರಲಿ, ಕಾಲೇಜು, ಏರಿಯಾ, ಕಂಪನಿ ಯಾವುದೂ ಬೇಡ. ಆಚೆ ಯಾರಿದ್ದಾರೆ ಎಂದು ಕಾಣುವವರೆಗೆ ನಿಮ್ಮ ಕ್ಯಾಮೆರಾಗೆ ಕಾಗದದ ಚೂರು ಅಂಟಿಸಿಡಿ, ಬೆರಳು ಸ್ಕಿಪ್ ಮೇಲೇ ಇರಲಿ. ರಾತ್ರಿಗಿಂತ ಹಗಲು ವಾಸಿ, ಒಬ್ಬರೇ ಇರುವುದಕ್ಕಿಂತ ಪಕ್ಕದಲ್ಲಿ ಗೆಳತಿ ಇದ್ದರೆ ಇನ್ನೂ ವಾಸಿ. ಅವರು ಕಳಿಸುವ ಲಿಂಕ್ ಒತ್ತಬೇಡಿ, ಲೊಕೇಶನ್ ಅನುಮತಿ ಕೊಡಬೇಡಿ. ಇಂಥ ಸೈಟುಗಳಲ್ಲಿ ಹಲವು ಸಲ ಎರಡು ಫೋನುಗಳು ನೇರವಾಗಿ ಜೋಡಿಕೊಳ್ಳುವುದರಿಂದ, ತಿಳಿದವರಿಗೆ ನಿಮ್ಮ ಐಪಿ ವಿಳಾಸ ಕಾಣುತ್ತದೆ. ಅದರಿಂದ ಅವರಿಗೆ ಗೊತ್ತಾಗುವುದು ಸುಮಾರಾಗಿ ಯಾವ ಊರು, ಯಾವ ಇಂಟರ್‌ನೆಟ್ ಕಂಪನಿ ಎಂದಷ್ಟೇ. ಯಾರಾದರೂ ‘ನೀನು ಬೆಂಗಳೂರಿನವಳು, ನನಗೆ ಗೊತ್ತು’ ಎಂದರೆ ಮನೆಬಾಗಿಲಿಗೇ ಬಂದರೆಂದು ಗಾಬರಿಯಾಗಬೇಡಿ. ಲೈನ್ ಕತ್ತರಿಸಿ.

ಇನ್‌ಸ್ಟಾಗ್ರಾಮ್ ಕೊಟ್ಟದ್ದು ಕೈಮೀರಿದ ವಿಷಯವೇನಲ್ಲ. ಖಾತೆಯನ್ನು ಪ್ರೈವೇಟ್ ಮಾಡಿ, ಅವರು ಫಾಲೋವರ್ ಆಗಿದ್ದರೆ ತೆಗೆದುಹಾಕಿ. ಊರು, ಕಾಲೇಜು ತಿಳಿಸುವ ಪೋಸ್ಟ್‌ಗಳಿದ್ದರೆ ಮರೆಮಾಡಿ. ನಂಬರ್ ಕೊಡುವುದಿಲ್ಲ ಎಂದು ಒಂದು ಸಾಲು ಬರೆಯಿರಿ. ವಿವರಣೆ ಕೊಡುತ್ತಾ ಹೋದರೆ ಅದು ಚರ್ಚೆಯಾಗುತ್ತದೆ.

ಒಂದು ವೇಳೆ ಯಾರಾದರೂ ಬೆದರಿಸಿದರೆ ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ‘ಇವಳು ಕೊಡುತ್ತಾಳೆ’ ಎಂಬುದು ಅವರಿಗೆ ಖಾತ್ರಿಯಾಗುತ್ತದೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಬಹುದು, ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಅಲ್ಲಿ ಹೆಸರು ಹೇಳದೆಯೂ ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಮ್ಮ ರಾಜ್ಯದಲ್ಲಿ ಇಂಥವನ್ನು ನೋಡಿಕೊಳ್ಳಲು ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಗಳಿವೆ. ಖಾಸಗಿ ಚಿತ್ರ ಹರಡುವ ಭಯವಿದ್ದರೆ ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಎಂಬ ಉಚಿತ ಸೇವೆಯಿದೆ. ಅದು ಚಿತ್ರದ ಒಂದು ಡಿಜಿಟಲ್ ಗುರುತನ್ನು ನಿಮ್ಮ ಫೋನಿನಲ್ಲೇ ತಯಾರಿಸಿ, ಅಂಥ ಚಿತ್ರ ತಡೆಯಲು ಕೈಜೋಡಿಸಿರುವ ಜಾಲತಾಣಗಳಿಗೆ ಕಳಿಸುತ್ತದೆ, ಚಿತ್ರ ನಿಮ್ಮ ಕೈಬಿಟ್ಟು ಹೋಗುವುದಿಲ್ಲ.

ನಿದ್ದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣು ಮುಚ್ಚಿದರೆ ಅದೇ ದೃಶ್ಯ ಬರುತ್ತಿದ್ದರೆ, ಇನ್ನೂ ಒಂದೆರಡು ವಾರ ಹೀಗೇ ಮುಂದುವರಿದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

ಮನೆಯವರಿಗೆ ಹೇಳಬೇಕೆ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ತುಂಬ ಆ ಭಯವೇ ಇದೆ. ಈಗಲೇ ಎಲ್ಲವನ್ನೂ ಹೇಳಲೇಬೇಕೆಂದಿಲ್ಲ. ಯಾರೊಬ್ಬರಿಗೂ ಗೊತ್ತಿಲ್ಲದಿರುವುದು ಮಾತ್ರ ಒಳ್ಳೆಯದಲ್ಲ, ಬೆದರಿಸುವವರು ನಂಬಿಕೊಂಡಿರುವುದು ಆ ಗುಟ್ಟನ್ನೇ. ಇವತ್ತು ರೂಮ್‌ಮೇಟ್‌ಗೆ ಹೇಳಿ. ಆ ಸೈಟನ್ನು ನಿಮಗಿಂತ ಮೊದಲು ನೋಡಿದವಳು ಅವಳು. ಇಂಥವನೊಬ್ಬ ಅವಳ ಪರದೆಯ ಮೇಲೂ ಬಂದಿರಬಹುದು, ಅವಳೂ ಯಾರಿಗೂ ಹೇಳಿರಲಿಕ್ಕಿಲ್ಲ. ಇಬ್ಬರೂ ಮಾತಾಡಿಕೊಳ್ಳಿ, ಕನ್ನಡದಲ್ಲಿ. ಮರುದಿನದಿಂದ ದಿನಕ್ಕೆ ಅರ್ಧ ಗಂಟೆ ಇಂಟರ್‌ವ್ಯೂ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಕೇಳಿಕೊಳ್ಳಬಹುದು. ಅವಳಿಗೂ ಕೆಲಸ ಬೇಕಿರಬಹುದಲ್ಲ.