ಸಣ್ಣ ಮೀನುದೋಣಿಗೆ ತಕ್ಕ ಬ್ಯಾಟರಿಯ ಲೆಕ್ಕ

ಅಂಕೋಲೆ ತಾಲೂಕಿನ ಬೆಳಂಬಾರದಂತಹ ಕಡಲತಡಿಯ ಗ್ರಾಮಗಳಲ್ಲಿ ಹಿಂದೆ ರಾತ್ರಿ ಬಲೆಗೆ ಹೋಗುವ ನಾಡದೋಣಿಗೆ ಒಂದು ಲಾಟೀನು ಸಾಕಾಗುತ್ತಿತ್ತು. ಈಗ ದೋಣಿಯ ಹಿಂಬದಿಗೆ ಎಂಜಿನ್ನು ಕೂಡಿದೆ. ದಾರಿ ತೋರುವ ಜಿ.ಪಿ.ಎಸ್., ಮೀನಿನ ನೆಲೆಯನ್ನು ತೋರುವ ಯಂತ್ರ, ವಿ.ಎಚ್.ಎಫ್. ರೇಡಿಯೋ, ಮೊಬೈಲ್ ಇವೂ ಒಂದೊಂದಾಗಿ ಬಂದಿವೆ. ಇವೆಲ್ಲಕ್ಕೂ ಆಧಾರವಾದುದು ಒಂದೇ ಬ್ಯಾಟರಿ. ಅದನ್ನು ಕೊಳ್ಳುವಾಗ ಬಹುಮಂದಿ ಬೆಲೆಯನ್ನು ವಿಚಾರಿಸುವರೇ ಹೊರತು ಲೆಕ್ಕವನ್ನು ಹಾಕುವುದಿಲ್ಲ. ಲೆಕ್ಕ ತಪ್ಪಿತೆಂದರೆ ಬಲೆ ಎಳೆಯುವ ಹೊತ್ತಿಗೆ ದೀಪವು ಮಂಕಾಗುವುದು. ಕಾರವಾರದ ಬೈತಖೋಲದಿಂದಲೂ ತದಡಿಯಿಂದಲೂ ಹೊರಟ ಟ್ರಾಲರುಗಳಿಗೆ ದೋಣಿಯು ಕಾಣದೆ ಹೋಗುವುದು. ಗಾಳಿ ಎದ್ದಾಗ ಸಹಾಯಕ್ಕೆ ಕರೆಯಲು ರೇಡಿಯೋ ಮೂಕವಾಗಿರುವುದು.

ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಎಂಜಿನ್ನುಗಳು ಬಹುಮಟ್ಟಿಗೆ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವುದಿಲ್ಲ. ಆದಕಾರಣ ದಡದಿಂದ ಒಯ್ದಷ್ಟರಲ್ಲಿಯೇ ಇಡೀ ರಾತ್ರಿಯನ್ನು ಕಳೆಯಬೇಕು.

ಲೆಕ್ಕದ ರೀತಿ ಸುಲಭವಾದುದು. ಪ್ರತಿಯೊಂದು ಉಪಕರಣದ ವ್ಯಾಟನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಬೇಕು. ಎಲ್ಲವನ್ನೂ ಕೂಡಿಸಿ, ಬ್ಯಾಟರಿಯು 12 ವೋಲ್ಟಿನದಾದರೆ 12ರಿಂದ ಭಾಗಿಸಬೇಕು. ಬರುವ ಅಂಕೆಯೇ ಆಂಪಿಯರ್-ಗಂಟೆ. ಸಂಜೆ ಆರಕ್ಕೆ ಹೊರಟು ಬೆಳಿಗ್ಗೆ ಆರಕ್ಕೆ ಮರಳುವ ಒಂದು ದೋಣಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಬಲೆ ಬಿಟ್ಟ ದೋಣಿಯು ಮೇಲೆ ಕೆಂಪು, ಕೆಳಗೆ ಬಿಳುಪು, ಹೀಗೆ ಸುತ್ತಲೂ ಕಾಣುವ ಎರಡು ದೀಪಗಳನ್ನು ತೋರತಕ್ಕದ್ದೆಂದು ಅಂತರರಾಷ್ಟ್ರೀಯ ನಿಯಮವಿದೆ. ತಲಾ 3 ವ್ಯಾಟಿನ ಎರಡು ಎಲ್.ಇ.ಡಿ. ದೀಪಗಳು 12 ಗಂಟೆ ಉರಿದರೆ 72 ವ್ಯಾಟ್-ಗಂಟೆ. ಬಲೆ ಬಿಡುವಾಗಲೂ ಎಳೆಯುವಾಗಲೂ ಬೇಕಾಗುವ 10 ವ್ಯಾಟಿನ ದೀಪಕ್ಕೆ ನಾಲ್ಕು ಗಂಟೆಗೆ 40. ಜಿ.ಪಿ.ಎಸ್. ಮತ್ತು ಮೀನು ತೋರುವ ಯಂತ್ರ ಎರಡಕ್ಕೂ ಸೇರಿ 8 ವ್ಯಾಟಿನಂತೆ 96. ರೇಡಿಯೋ ಕೇವಲ ಕೇಳುತ್ತಿರುವಾಗ 5 ವ್ಯಾಟಿನಂತೆ 60. ಮಾತನಾಡುವಾಗ ಅದು ಸುಮಾರು 60 ವ್ಯಾಟನ್ನು ಸೆಳೆಯುವುದರಿಂದ ಹತ್ತು ನಿಮಿಷದ ಮಾತಿಗೆ 10. ಮೊಬೈಲಿಗೆ ಮತ್ತೆ 10. ಒಟ್ಟು 288, ಇದನ್ನು 12ರಿಂದ ಭಾಗಿಸಿದರೆ 24 ಆಂಪಿಯರ್-ಗಂಟೆ. ಬೆಳಕಿನಿಂದ ಮೀನನ್ನು ಸೆಳೆಯುವ ಭಾರಿ ದೀಪಗಳನ್ನು ಇಲ್ಲಿ ಸೇರಿಸಿಲ್ಲ. ಅಂತಹ ಮೀನುಗಾರಿಕೆಯನ್ನು ಕೇಂದ್ರ ಸರಕಾರವು ತನ್ನ ಅಧೀನದ ಸಮುದ್ರವಲಯದಲ್ಲಿ 2017ರ ನವೆಂಬರಿನಲ್ಲಿ ನಿಷೇಧಿಸಿತು.

ಹಾಗಾದರೆ 24ರ ಬ್ಯಾಟರಿಯನ್ನು ಕೊಂಡರೆ ಸಾಕೇ? ಸಾಲದು. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುತ್ತ ಬಂದರೆ ಅದರ ಫಲಕಗಳ ಮೇಲೆ ಗಟ್ಟಿಯಾದ ಸಲ್ಫೇಟು ಕಟ್ಟಿಕೊಂಡು ಬಹುಬೇಗ ಕೆಡುವುದು. ಅರ್ಧದಷ್ಟನ್ನು ಮಾತ್ರ ಬಳಸಿ ಉಳಿದರ್ಧವನ್ನು, ಬೀಜದ ಬತ್ತವನ್ನು ಉಣ್ಣದೆ ಇಡುವಂತೆ, ಮುಟ್ಟದೆ ಇಡಬೇಕು. ಎಂಜಿನ್ನು ಕೈಕೊಟ್ಟ ರಾತ್ರಿ ಹೆಚ್ಚಿನ ಗಂಟೆಗಳಿಗೆ ಒದಗುವುದೂ ಆ ಉಳಿಕೆಯೇ. ಹೀಗೆ 24 ಇದ್ದದ್ದು 48 ಆಗುವುದು. ಬ್ಯಾಟರಿ ಹಳತಾದಂತೆ ಶಕ್ತಿ ಕುಂದುವುದಕ್ಕೆಂದು ಕಾಲುಭಾಗ ಸೇರಿಸಿದರೆ 60. ಇದೇ ಕೊಳ್ಳತಕ್ಕ ಅಳತೆ.

ಲಾರಿಯಿಂದ ಕಳಚಿದ ಹಳೆಯ ಬ್ಯಾಟರಿಯನ್ನು ಅಗ್ಗವೆಂದು ದೋಣಿಗೆ ಏರಿಸುವ ವಾಡಿಕೆಯು ಒಳ್ಳೆಯದಲ್ಲ. ಅದರ ಫಲಕಗಳು ತೆಳ್ಳಗಿದ್ದು, ಕ್ಷಣಮಾತ್ರ ಬಹಳ ಶಕ್ತಿಯನ್ನು ಕೊಡುವುದಕ್ಕಾಗಿ ಮಾಡಿದವು. ರಾತ್ರಿಯಿಡೀ ಮೆಲ್ಲಗೆ ಕೊಡುವ ಕೆಲಸಕ್ಕೆ ಅವು ತಾಳಲಾರವು. ದಪ್ಪ ಫಲಕದ, ಸೌರದೀಪಗಳಿಗೆ ಮಾರುವ ಜಾತಿಯನ್ನೇ ಕೇಳಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಬಳಸಬಹುದಾದುದರಿಂದ 40 ಆಂಪಿಯರ್-ಗಂಟೆಯದು ಸಾಕಾಗುವುದು. ತೂಕವು ಸೀಸದ್ದು ಹದಿನಾರು ಕಿಲೋ ಇದ್ದರೆ ಇದು ಸುಮಾರು ಐದು. ಬೆಲೆ ಹೆಚ್ಚು, ಚಾರ್ಜರೂ ಅದಕ್ಕೆ ತಕ್ಕುದೇ ಬೇಕು. ಆದರೂ ದಿನವೂ ಮರಳಿನ ಮೇಲೆ ಹೊತ್ತು ಮನೆಗೊಯ್ಯುವವರು ಈ ತೂಕದ ಮಾತನ್ನು ಲಘುವಾಗಿ ತಿಳಿಯಲಾರರು.

ದೋಣಿಯನ್ನೂ ಬ್ಯಾಟರಿಯಿಂದಲೇ ನಡೆಸಬಾರದೇಕೆ ಎಂದು ಕೆಲವರು ಕೇಳುವುದುಂಟು. 10 ಅಶ್ವಶಕ್ತಿಯ ಎಂಜಿನ್ನನ್ನು ಅರ್ಧ ಶಕ್ತಿಯಲ್ಲಿ ಮೂರು ಗಂಟೆ ನಡೆಸಲು ಸುಮಾರು 11,000 ವ್ಯಾಟ್-ಗಂಟೆ ಬೇಕು. ಮೇಲೆ ಹೇಳಿದ ಸೀಸದ ಬ್ಯಾಟರಿಗಳನ್ನು ಅರ್ಧಮಾತ್ರ ಬಳಸುವುದಾದರೆ ಮೂವತ್ತು ಬೇಕಾಗಿ ಐದು ಕ್ವಿಂಟಲಿನಷ್ಟು ತೂಗುವುವು. ಮೀನಿಗೆ ಜಾಗವೆಲ್ಲಿ?

ಮರಳಿ ಬಂದ ದಿನವೇ ಬ್ಯಾಟರಿಯನ್ನು ತುಂಬಿಸಬೇಕು. ಅರ್ಧ ಬರಿದಾದುದನ್ನು ವಾರಗಟ್ಟಲೆ ಮೂಲೆಯಲ್ಲಿಟ್ಟರೆ ಅದು ಕೆಟ್ಟಂತೆಯೇ. ಸೀಸದ 60ರ ಬ್ಯಾಟರಿಗೆ 6 ಆಂಪಿಯರಿನ ಚಾರ್ಜರು ಹಿತವಾದುದು. ಬಿಸಿಲಿನ ತಿಂಗಳುಗಳಲ್ಲಿ 100 ವ್ಯಾಟಿನ ಸೌರಫಲಕವೊಂದು ನಿಯಂತ್ರಕದೊಡನೆ ಮನೆಯ ಮಾಡಿನ ಮೇಲಿದ್ದರೆ ಒಂದು ರಾತ್ರಿಯ ವೆಚ್ಚವನ್ನು ಒಂದು ಹಗಲಿನಲ್ಲಿ ತುಂಬಿಕೊಡುವುದು.

ದೋಣಿಯಲ್ಲಿ ಬ್ಯಾಟರಿಯನ್ನು ಮುಚ್ಚಳವಿರುವ, ಗಾಳಿಯಾಡುವ ಪೆಟ್ಟಿಗೆಯಲ್ಲಿ, ತಳದ ನೀರು ಮುಟ್ಟದಷ್ಟು ಎತ್ತರದಲ್ಲಿ ಬಿಗಿಯಾಗಿ ಕಟ್ಟಿಡಬೇಕು. ಸೀಸದ ಬ್ಯಾಟರಿಯ ಆಮ್ಲಕ್ಕೆ ಉಪ್ಪುನೀರು ಬೆರೆತರೆ ವಿಷಕರವಾದ ಕ್ಲೋರಿನ್ ಅನಿಲವು ಹುಟ್ಟುವುದು. ಧನಧ್ರುವದ ಬಳಿಯಲ್ಲೇ ಫ್ಯೂಸು ಇರಲಿ. ಧ್ರುವಗಳಿಗೆ ವ್ಯಾಸಲಿನ್ ಸವರಿದರೆ ಕಿಲುಬು ಹಿಡಿಯದು.

ಹೊರಡುವ ಮುನ್ನ, ಚಾರ್ಜರನ್ನು ತೆಗೆದು ಕೆಲವು ಗಂಟೆ ಕಳೆದ ಮೇಲೆ, ವೋಲ್ಟ್‌ಮಾಪಕದಿಂದ ನೋಡಿರಿ. ಸೀಸದ ಬ್ಯಾಟರಿಯು ತುಂಬಿದ್ದರೆ 12.7ರ ಹತ್ತಿರ ತೋರುವುದು, 12.2 ತೋರಿದರೆ ಅದಾಗಲೇ ಅರ್ಧಕ್ಕೆ ಇಳಿದಿದೆ, ಆ ರಾತ್ರಿ ಅದನ್ನು ನಂಬಿ ಹೋಗಬೇಡಿರಿ. ಮಳೆಗಾಲದಲ್ಲಿ ದೋಣಿ ದಡಕ್ಕೇರಿದ ಮೇಲೆ ತಂತಿಗಳನ್ನು ಕಳಚಿ, ಬ್ಯಾಟರಿಯನ್ನು ಒಣಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ತುಂಬಿಸತಕ್ಕದ್ದು.